‘ರೆ’ ಎಂಬ ಒಂದು ಅಕ್ಷರ

ಚಿಕ್ಕಮ್ಮನಿಗೆ ಮೀಸೆ ಬಂದಿದ್ದರೆ ಚಿಕ್ಕಪ್ಪ ಎನ್ನಬಹುದಿತ್ತು ಎಂದು ನಮ್ಮ ಕಡೆ ಒಂದು ಮಾತಿದೆ. ಆಗಿಹೋದದ್ದರ ಬಗ್ಗೆ ಯಾರಾದರೂ ‘ಹಾಗಾಗಿದ್ದರೆ, ಹೀಗಾಗಿದ್ದರೆ’ ಎಂದು ರಾಗ ಎಳೆಯತೊಡಗಿದರೆ ಅವರ ಬಾಯಿ ಮುಚ್ಚಿಸಲು ಹಿರಿಯರು ಬಳಸುತ್ತಿದ್ದ ಮಾತು ಅದು. ನನ್ನ ಅಜ್ಜಿ ಅದನ್ನು ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದಳು. ಮೂವತ್ತು ವರ್ಷದಿಂದ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುತ್ತಿರುವ ನಾನೂ ಬೇರೆ ಮಾತುಗಳಲ್ಲಿ ಅದನ್ನೇ ಹೇಳುತ್ತ ಬಂದವಳು. “ಮೇಡಂ, ತಾಳೀಕೋಟೆಯಲ್ಲಿ ರಾಮರಾಯ ಗೆದ್ದಿದ್ದರೆ?” ಎಂದು ಹುಡುಗನೊಬ್ಬ ಎದ್ದು ನಿಂತರೆ, “ಚರಿತ್ರೆಯಲ್ಲಿ ‘ರೆ’ ಇಲ್ಲ ಕಣೋ. ಇಸವಿ ಬರೆದುಕೋ, 1565” ಎಂದು ಕೂರಿಸಿಬಿಡುತ್ತಿದ್ದೆ. ಪರೀಕ್ಷೆಗೆ ಬರುವುದು ಇಸವಿ, ‘ರೆ’ ಅಲ್ಲ.

ಆ ‘ರೆ’ಯನ್ನೇ ಬಂಡವಾಳ ಮಾಡಿಕೊಂಡು ಕತೆ ಕಾದಂಬರಿಗಳನ್ನು ಬರೆಯುವವರಿದ್ದಾರೆ, ಅವುಗಳಿಗೆ ಲಕ್ಷಾಂತರ ಓದುಗರಿದ್ದಾರೆ ಎಂಬುದು ನನಗೆ ತಡವಾಗಿ ತಿಳಿದ ವಿಷಯ. ಆ ಕಾದಂಬರಿಗಳ ಬಗ್ಗೆ ನಮ್ಮ ಊರಿನ ಏಳೆಂಟು ಹೆಂಗಸರು ಆಡಿದ ಮಾತುಗಳನ್ನು ಇಲ್ಲಿ ಬರೆಯಬೇಕೆಂದಿದ್ದೇನೆ. ಯಾಕೆಂದರೆ ಆ ಮಾತುಗಳು ಕೊನೆಗೆ ನಾನು ನಾಲ್ವತ್ತು ವರ್ಷ ಮುಚ್ಚಿಟ್ಟುಕೊಂಡು ಬಂದ ಒಂದು ಜಾಗಕ್ಕೆ ನನ್ನನ್ನು ಕರೆದುಕೊಂಡು ಹೋದವು.

ತಿಂಗಳಿಗೊಮ್ಮೆ, ಎರಡನೆಯ ಭಾನುವಾರ ಮಧ್ಯಾಹ್ನ, ನಾವು ಯಾರಾದರೊಬ್ಬರ ಮನೆಯಲ್ಲಿ ಸೇರುತ್ತೇವೆ. ಬ್ಯಾಂಕಿನಿಂದ ನಿವೃತ್ತರಾದವರೊಬ್ಬರು, ಹೊಲಿಗೆ ಅಂಗಡಿ ಇಟ್ಟುಕೊಂಡವರೊಬ್ಬರು, ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವ ಹುಡುಗಿ, ಮನೆವಾರ್ತೆಯವರು ಮೂರು ನಾಲ್ಕು ಜನ, ಮತ್ತು ನಾನು. ಒಂದು ಕತೆಯನ್ನೋ ಪ್ರಬಂಧವನ್ನೋ ಓದಿ, ಅವಲಕ್ಕಿ ತಿಂದು, ಕಾಫಿ ಕುಡಿದು ಏಳುವುದು. ಅರ್ಧ ಹೊತ್ತು ಪುಸ್ತಕದ ಮಾತು, ಅರ್ಧ ಹೊತ್ತು ಮನೆಯ ಮಾತು.

2025ರ ಮೇ ತಿಂಗಳಲ್ಲಿ ಖಗೋಲ ವಿಜ್ಞಾನಿ ಜಯಂತ ನಾರಳೀಕರರು ತೀರಿಕೊಂಡಾಗ ನಮ್ಮಲ್ಲೊಬ್ಬರು, “ಅವರದೊಂದು ಕತೆ ನನ್ನ ಮಗಳಿಗೆ ಹನ್ನೊಂದನೇ ಕ್ಲಾಸಿನ ಸಿ.ಬಿ.ಎಸ್.ಇ. ಇಂಗ್ಲಿಷ್ ಪುಸ್ತಕದಲ್ಲಿತ್ತು, ಅದನ್ನೇ ಈ ಸಲ ಓದೋಣ” ಎಂದರು. ಇಂಗ್ಲಿಷ್ ಎಲ್ಲರಿಗೂ ಬರುವುದಿಲ್ಲವಾದ್ದರಿಂದ ನಾನು ಓದಿಕೊಂಡು ಹೋಗಿ ಕನ್ನಡದಲ್ಲಿ ಹೇಳಿದೆ.

ಕತೆ ಹೀಗಿದೆ. ಗಂಗಾಧರಪಂತ ಗಾಯತೊಂಡೆ ಎಂಬ ಇತಿಹಾಸದ ಪ್ರಾಧ್ಯಾಪಕರು ಪುಣೆಯವರು. ಮೂರನೆಯ ಪಾಣಿಪತ್ ಯುದ್ಧದ ಬಗ್ಗೆ ಯೋಚಿಸುತ್ತಲೇ ಒಂದು ಅಪಘಾತಕ್ಕೆ ಸಿಕ್ಕ ಅವರು ಕಣ್ಣು ಬಿಡುವ ಹೊತ್ತಿಗೆ ಬೇರೆಯದೇ ಭಾರತದಲ್ಲಿದ್ದಾರೆ. 1761ರ ಜನವರಿ 14ರಂದು ನಡೆದ ಆ ಯುದ್ಧದಲ್ಲಿ ಪೇಶ್ವೆಯ ಮಗ ವಿಶ್ವಾಸರಾಯನಿಗೆ ಗುಂಡು ತಗುಲಿ ಮರಾಠರು ಸೋತರು ಎಂಬುದು ನಾವು ಓದಿದ ಚರಿತ್ರೆ. ಈ ಬೇರೆ ಭಾರತದಲ್ಲಿ ಆ ಗುಂಡು ಅವನ ಕಿವಿಯ ಪಕ್ಕದಲ್ಲಿ ಹಾದುಹೋಗಿದೆ. ಮರಾಠರು ಗೆದ್ದಿದ್ದಾರೆ. ದೇಶ ಬ್ರಿಟಿಷರ ಕೈಗೆ ಹೋಗಿಲ್ಲ. ಮುಂಬಯಿಯಲ್ಲಿ ಮಾತ್ರ ಈಸ್ಟ್ ಇಂಡಿಯಾ ಕಂಪನಿ ಇನ್ನೂ ಉಳಿದುಕೊಂಡಿದೆ. ಪಂತರು ಮುಂಬಯಿಗೆ ಹೋಗುತ್ತಾರೆ. ತಮ್ಮ ಮಗ ಕೆಲಸ ಮಾಡುವ ಕಚೇರಿಗೆ ಹೋಗಿ ವಿಚಾರಿಸುತ್ತಾರೆ. ಆ ಹೆಸರಿನವರು ಇಲ್ಲಿ ಯಾರೂ ಇಲ್ಲ ಎಂಬ ಉತ್ತರ ಬರುತ್ತದೆ.

ನಾನು ಇಷ್ಟು ಹೇಳುವ ಹೊತ್ತಿಗೆ ಹೊಲಿಗೆ ಅಂಗಡಿಯವರು, “ಅಯ್ಯೋ ಶಿವನೇ! ರಾಜ್ಯ ಸಿಕ್ಕಿತು, ಮಗ ಇಲ್ಲ!” ಎಂದರು. ಪಾಠಪುಸ್ತಕದ ಕೊನೆಯಲ್ಲಿ ಕತೆಯ ಬಗ್ಗೆ ಪ್ರಶ್ನೆಗಳು ಬೇಕಾದಷ್ಟಿದ್ದವು. ಕತೆಯ ಹೊಟ್ಟೆಗೆ ಕೈಯಿಟ್ಟ ಮಾತು ಇದೊಂದೇ ಎಂದು ನನಗನ್ನಿಸಿತು.

ಅಭಿಪ್ರಾಯಗಳು ಒಂದೇ ತೆರನಾಗಿರಲಿಲ್ಲ. ಬ್ಯಾಂಕಿನವರಿಗೆ ಕತೆ ಒಂದಿಷ್ಟೂ ಹಿಡಿಸಲಿಲ್ಲ. “ಆದದ್ದು ಆಯಿತು. ಕ್ಯಾಷ್ ಬುಕ್ಕಿನಲ್ಲಿ ಬರೆದಾದ ಮೇಲೆ ಹಾಗಿದ್ದರೆ ಹೀಗಿದ್ದರೆ ಅಂದರೆ ಲೆಕ್ಕ ತಾಳೆಯಾಗುತ್ತದೆಯೇ?” ಎಂದರು. ಇನ್ನೊಬ್ಬರಿಗೆ ಬಹಳ ಸಂತೋಷವಾಗಿತ್ತು. ಸೋತ ಯುದ್ಧವನ್ನು ಕತೆಯಲ್ಲಾದರೂ ಗೆದ್ದೆವಲ್ಲ ಎಂದು ಅವರಿಗೆ ಸಮಾಧಾನ. ಕಾಲೇಜಿನ ಹುಡುಗಿ ಮುಖ ಸಿಂಡರಿಸಿ, “ಅದೇ ಅಪಾಯ ನೋಡಿ ಅಕ್ಕಾ. ಓದುವವರು ನಿಜ ಯಾವುದು, ಕತೆ ಯಾವುದು ಅನ್ನೋದನ್ನೇ ಮರೆತುಬಿಡ್ತಾರೆ” ಎಂದಳು. ನಾನು ನನ್ನ ಪಾಂಡಿತ್ಯವನ್ನು ಹೊರತೆಗೆದೆ. ಇ. ಎಚ್. ಕಾರ್ ಎಂಬ ಇತಿಹಾಸಕಾರ 1961ರ ತನ್ನ ಪ್ರಸಿದ್ಧ ಪುಸ್ತಕದಲ್ಲಿ ಇಂಥ ‘ರೆ’ಗಳನ್ನೆಲ್ಲ ಪಡಸಾಲೆಯಲ್ಲಿ ಕೂತು ಹೊತ್ತು ಕಳೆಯುವ ಆಟ ಎಂದು ತಳ್ಳಿಹಾಕಿದ್ದಾನೆ, ಘಟನೆಯಿಂದ ಪೆಟ್ಟು ತಿಂದವರು ಈ ಆಟಕ್ಕೆ ಇಳಿಯುತ್ತಾರೆ ಎಂದೂ ಹೇಳಿದ್ದಾನೆ ಎಂದು ವಿವರಿಸಿದೆ. ಆಗ ಹೊಲಿಗೆ ಅಂಗಡಿಯವರು, “ಪೆಟ್ಟು ತಿಂದವರಲ್ಲದೆ ಇನ್ಯಾರು ಟೀಚರ್ ಯೋಚನೆ ಮಾಡ್ತಾರೆ? ಗೆದ್ದವರು ನಿದ್ದೆ ಮಾಡ್ತಾರೆ” ಎಂದರು. ನನ್ನಲ್ಲಿ ಉತ್ತರವಿರಲಿಲ್ಲ.

ಬೆಂಗಳೂರಿನಲ್ಲಿರುವ ನನ್ನ ಮಗಳಿಗೆ ಫೋನಿನಲ್ಲಿ ಈ ಚರ್ಚೆ ಹೇಳಿದಾಗ ಅವಳು ನಕ್ಕು, “ಅಮ್ಮಾ, ಇಂಗ್ಲಿಷಿನಲ್ಲಿ ಇಂಥದ್ದು ರಾಶಿ ಇದೆ” ಎಂದು ದಸರಾ ರಜೆಗೆ ಬರುವಾಗ ಎರಡು ಕಾದಂಬರಿ ತಂದುಕೊಟ್ಟಳು. ಪಕ್ಕದಲ್ಲಿ ನಿಘಂಟು ಇಟ್ಟುಕೊಂಡು ನಿಧಾನವಾಗಿ ಓದಿದೆ. ನಮ್ಮ ಮನೆಯವರು, “ಯಾವ ಪರೀಕ್ಷೆ ಕಟ್ಟಿದ್ದೀಯೆ?” ಎಂದು ತಮಾಷೆ ಮಾಡಿದರು.

ಮೊದಲನೆಯದು ಫಿಲಿಪ್ ಕೆ. ಡಿಕ್ 1962ರಲ್ಲಿ ಬರೆದ ‘ದಿ ಮ್ಯಾನ್ ಇನ್ ದಿ ಹೈ ಕ್ಯಾಸಲ್’. ಎರಡನೆಯ ಮಹಾಯುದ್ಧದಲ್ಲಿ ಜರ್ಮನಿ ಮತ್ತು ಜಪಾನ್ ಗೆದ್ದು ಅಮೆರಿಕವನ್ನು ಹಂಚಿಕೊಂಡಿವೆ. ಆ ಸೋತ ದೇಶದಲ್ಲಿ ಜನ ಕದ್ದು ಮುಚ್ಚಿ ಒಂದು ಕಾದಂಬರಿ ಓದುತ್ತಾರೆ. ಅದರಲ್ಲಿ ಜರ್ಮನಿ, ಜಪಾನ್ ಸೋತಿರುತ್ತವೆ! ಇದರಲ್ಲಿ ಒಬ್ಬ ತನ್ನ ಗೆಳತಿಗೆ ಎರಡು ಸಿಗರೇಟ್ ಲೈಟರ್ ತೋರಿಸುತ್ತಾನೆ. ಎರಡೂ ಒಂದೇ ಥರ. ಒಂದು ಮಾತ್ರ ಅಧ್ಯಕ್ಷ ರೂಸ್‌ವೆಲ್ಟ್ ಕೊಲೆಯಾದಾಗ ಅವನ ಜೇಬಿನಲ್ಲಿದ್ದದ್ದು. ಯಾವುದು ಅದು, ನೋಡಿ ಹೇಳು ಎನ್ನುತ್ತಾನೆ. ಹೇಳಲಾಗುವುದಿಲ್ಲ. ಚರಿತ್ರೆ ವಸ್ತುವಿನಲ್ಲಿ ಅಂಟಿಕೊಂಡಿರುವುದಿಲ್ಲ, ಮನುಷ್ಯರ ತಲೆಯಲ್ಲಿರುತ್ತದೆ ಎಂಬುದು ಅವನ ವಾದ.

ಈ ಕಾದಂಬರಿಯಲ್ಲಿ ಜಗತ್ತು ದಾರಿ ತಪ್ಪುವುದು ರೂಸ್‌ವೆಲ್ಟನ ಸಾವಿನಿಂದ. ನಿಜವಾಗಿ ನಡೆದದ್ದೇನು ಎಂದು ಹುಡುಕಿದಾಗ ನನಗೆ ಸಿಕ್ಕ ಸಂಗತಿಯನ್ನು ಗೆಳತಿಯರಿಗೆ ಹೇಳದೆ ಇರಲಾಗಲಿಲ್ಲ. 1933ರ ಫೆಬ್ರವರಿ 15ರಂದು, ರೂಸ್‌ವೆಲ್ಟ್ ಅಧಿಕಾರ ವಹಿಸಿಕೊಳ್ಳುವುದಕ್ಕೆ ಹದಿನೇಳು ದಿನ ಮೊದಲು, ಮಯಾಮಿ ನಗರದ ಒಂದು ಉದ್ಯಾನದಲ್ಲಿ ಜುಸೆಪ್ಪೆ ಝಂಗಾರಾ ಎಂಬವನು ಅವನತ್ತ ಗುಂಡು ಹಾರಿಸಿದ. ಕುಳ್ಳನಾದ್ದರಿಂದ ಕುರ್ಚಿಯ ಮೇಲೆ ಹತ್ತಿ ನಿಂತಿದ್ದ. ಪಕ್ಕದಲ್ಲಿದ್ದ ಲಿಲಿಯನ್ ಕ್ರಾಸ್ ಎಂಬ ಹೆಂಗಸು, ವೈದ್ಯರೊಬ್ಬರ ಹೆಂಡತಿ, ಅವನ ಕೈಯನ್ನು ತಳ್ಳಿದಳೆಂದು ದಾಖಲೆಗಳಿವೆ. ಗುಂಡು ಐವರಿಗೆ ತಗುಲಿತು. ಷಿಕಾಗೋ ನಗರದ ಮೇಯರ್ ಆಂಟನ್ ಸರ್ಮಾಕ್ ಮಾರ್ಚ್ 6ರಂದು ತೀರಿಕೊಂಡ. ರೂಸ್‌ವೆಲ್ಟ್ ಉಳಿದ. ಮುಂದೆ ಅವನು ಯುದ್ಧ ನಡೆಸಿದ್ದು ಎಲ್ಲರಿಗೂ ಗೊತ್ತು. ಭಾಷಣ ಕೇಳಲು ಹೋಗಿದ್ದ ಒಬ್ಬ ಗೃಹಿಣಿ ನಮ್ಮ ಯಾವ ಪಾಠಪುಸ್ತಕದಲ್ಲೂ ಇಲ್ಲ.

ಎರಡನೆಯದು ರಾಬರ್ಟ್ ಹ್ಯಾರಿಸ್ 1992ರಲ್ಲಿ ಬರೆದ ‘ಫಾದರ್‌ಲ್ಯಾಂಡ್’. ಇಲ್ಲಿಯೂ ಜರ್ಮನಿ ಗೆದ್ದಿದೆ. 1964ನೆಯ ಇಸವಿ, ಹಿಟ್ಲರನ ಎಪ್ಪತ್ತೈದನೆಯ ಹುಟ್ಟುಹಬ್ಬಕ್ಕೆ ಬರ್ಲಿನ್ ಸಜ್ಜಾಗುತ್ತಿದೆ. ಒಬ್ಬ ಪೊಲೀಸ್ ಅಧಿಕಾರಿ ಒಂದು ಸಾವಿನ ತನಿಖೆಗೆ ಹೊರಟು, 1942ರ ಜನವರಿ 20ರಂದು ವಾನ್ಸೇ ಎಂಬಲ್ಲಿ ನಡೆದ ಸಭೆಗೆ ಬಂದು ತಲುಪುತ್ತಾನೆ. ಯಹೂದಿಗಳನ್ನು ಇಡಿಯಾಗಿ ಮುಗಿಸುವ ಕೆಲಸವನ್ನು ಸರಕಾರದ ಇಲಾಖೆಗಳು ಹೇಗೆ ಹಂಚಿಕೊಳ್ಳಬೇಕು ಎಂದು ಮಾತಾಡಿದ ಸಭೆ. ಆ ಸಭೆ ನಿಜವಾಗಿ ನಡೆದದ್ದು. ಅಲ್ಲಿ ಕೂತಿದ್ದವರೂ ನಿಜವಾದ ಮನುಷ್ಯರೇ. ಈ ಪುಸ್ತಕದಲ್ಲಿ ಹ್ಯಾರಿಸ್ ಬದಲಾಯಿಸಿರುವುದು ಕೊಲೆಯನ್ನಲ್ಲ, ಕೊಲೆಯ ನೆನಪನ್ನು. ಜರ್ಮನಿ ಗೆದ್ದದ್ದರಿಂದ ಆ ಜನರಿಗೆ ಏನಾಯಿತೆಂದು ಯಾರಿಗೂ ಗೊತ್ತಿಲ್ಲ. ಪೂರ್ವಕ್ಕೆ ಕಳಿಸಿದರಂತೆ ಎನ್ನುತ್ತಾರೆ ಅಷ್ಟೆ. ಪುಸ್ತಕದ ಕೊನೆಯಲ್ಲಿ ಆ ಅಧಿಕಾರಿ ಬರಿಗೈಯಿಂದ ಮಣ್ಣು ಕೆದಕುತ್ತಾನೆ, ಇಟ್ಟಿಗೆಯ ಚೂರು ಸಿಗುತ್ತದೆ. ಓದಿ ಮುಗಿಸಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ನವೆಂಬರಿನ ಸಭೆಯಲ್ಲಿ ಈ ಎರಡೂ ಕತೆ ಹೇಳಿದೆ. ಜೊತೆಗೆ ಮಗಳು ಹೇಳಿದ ಇನ್ನೊಂದನ್ನೂ ಸೇರಿಸಿದೆ. ಹ್ಯಾರಿ ಟರ್ಟಲ್‌ಡವ್ ಎಂಬ ಅಮೆರಿಕದ ಲೇಖಕ 1988ರಲ್ಲಿ ಒಂದು ಸಣ್ಣಕತೆ ಬರೆದಿದ್ದಾನೆ. ಅದರಲ್ಲಿ ಜರ್ಮನಿ ಭಾರತವನ್ನು ಬ್ರಿಟಿಷರಿಂದ ಗೆದ್ದುಕೊಂಡಿದೆ. ಗಾಂಧೀಜಿ ನಾಜಿಗಳ ಮುಂದೆ ಸತ್ಯಾಗ್ರಹಕ್ಕೆ ಇಳಿಯುತ್ತಾರೆ. ಅವರು ಗುಂಡು ಹಾರಿಸುತ್ತಾರೆ. ಗಾಂಧೀಜಿಯನ್ನೂ ಕೊಲ್ಲುತ್ತಾರೆ. ಬ್ಯಾಂಕಿನವರು ಇದ್ದಕ್ಕಿದ್ದಂತೆ ಚುರುಕಾದರು. “ನೋಡಿದಿರಾ? ಎದುರಿಗೆ ಬ್ರಿಟಿಷರಿದ್ದರು, ಅದಕ್ಕೇ ಅಹಿಂಸೆ ನಡೆಯಿತು.” ಕಾಲೇಜಿನ ಹುಡುಗಿ ಬಿಡಲಿಲ್ಲ. 1919ರಲ್ಲಿ ಜಲಿಯನ್‌ವಾಲಾ ಬಾಗಿನಲ್ಲಿ ಗುಂಡು ಹಾರಿಸಿದವರು ಯಾರು ಎಂದು ಕೇಳಿದಳು. ಇದು ಕತೆಗಾರನೊಬ್ಬನ ತಲೆಯಲ್ಲಿ ಹುಟ್ಟಿದ ಪ್ರಶ್ನೆಯಲ್ಲವೆಂದು ನಾನು ಹೇಳಿದೆ. 1938ರಲ್ಲಿ ಗಾಂಧೀಜಿ ಜರ್ಮನಿಯ ಯಹೂದಿಗಳು ಸತ್ಯಾಗ್ರಹ ಮಾಡಬೇಕೆಂದು ‘ಹರಿಜನ’ ಪತ್ರಿಕೆಯಲ್ಲಿ ಬರೆದರು. ಜರ್ಮನಿ ಬಿಟ್ಟು ಜೆರೂಸಲೇಮಿಗೆ ಹೋಗಿದ್ದ ತತ್ತ್ವಜ್ಞಾನಿ ಮಾರ್ಟಿನ್ ಬೂಬರ್, ನಮ್ಮ ಸ್ಥಿತಿ ನಿಮಗೆ ತಿಳಿದಿಲ್ಲವೆಂದು 1939ರಲ್ಲಿ ನೋವಿನಿಂದ ಉತ್ತರ ಬರೆದರು. ಕತೆ ಯಾವುದನ್ನೂ ಸಾಬೀತು ಮಾಡುವುದಿಲ್ಲ, ಎರಡೂ ಕಡೆಯ ಕಾಯಿ ನಡೆಸುವವನು ಲೇಖಕನೊಬ್ಬನೇ ಎಂದು ಸಮಾಧಾನ ಹೇಳಿದೆ. ಜಗಳ ನಿಲ್ಲಲಿಲ್ಲ.

ಇಷ್ಟು ಹೊತ್ತೂ ಮೂಲೆಯಲ್ಲಿ ಸುಮ್ಮನೆ ಕೂತಿದ್ದವರೊಬ್ಬರಿದ್ದರು. ನಲವತ್ತರ ಆಸುಪಾಸು. 2021ರ ಮೇ ತಿಂಗಳಲ್ಲಿ, ಕೊರೊನಾದ ಎರಡನೆಯ ಅಲೆಯಲ್ಲಿ, ಗಂಡನನ್ನು ಕಳೆದುಕೊಂಡವರು. ಸಾಮಾನ್ಯವಾಗಿ ಬಾಯಿ ಬಿಡುವವರಲ್ಲ. ಕಾಫಿ ಲೋಟ ಕೆಳಗಿಟ್ಟು, “ಇಂಥ ಕಾದಂಬರಿ ನಮ್ಮನೇಲಿ ದಿನಾ ಓದ್ತಾರೆ ಅಕ್ಕಾ” ಎಂದರು. ಎಲ್ಲರೂ ಅವರತ್ತ ನೋಡಿದೆವು. “ನಮ್ಮತ್ತೆ, ಇವಳು ಆಸ್ಪತ್ರೆಗೆ ಸೇರಿಸದೇ ಇದ್ದಿದ್ದರೆ ನನ್ನ ಮಗ ಮನೇಲೇ ಹುಷಾರಾಗ್ತಿದ್ದ ಅಂತಾರೆ. ಮೈದುನ, ಅತ್ತಿಗೆ ಎರಡು ದಿನ ಮುಂಚೆ ಸೇರಿಸಿದ್ದರೆ ಅಣ್ಣ ಉಳೀತಿದ್ದ ಅಂತಾನೆ. ಎರಡು ಕತೆ. ಎರಡರಲ್ಲೂ ಕೊಂದವಳು ನಾನೇ.”

ಯಾರೂ ಮಾತಾಡಲಿಲ್ಲ. ಹೊಲಿಗೆ ಅಂಗಡಿಯವರು ಎದ್ದುಹೋಗಿ ಅವರ ಪಕ್ಕದಲ್ಲಿ ಕೂತು ಕೈ ಹಿಡಿದುಕೊಂಡರು.

ಮನೆಗೆ ನಡೆದುಕೊಂಡು ಬರುತ್ತ ನಾನು ಯೋಚಿಸುತ್ತಿದ್ದದ್ದು ಆಕೆಯ ಬಗ್ಗೆಯಲ್ಲ, ನನ್ನ ಅಮ್ಮನ ಬಗ್ಗೆ.

ಮಲೆನಾಡಿನ ಹೊಳೆಯಾಚೆಯ ಒಂದು ಹಳ್ಳಿ ನಮ್ಮದು. 1981ರ ಮಳೆಗಾಲ. ನನಗೆ ಹನ್ನೆರಡು ವರ್ಷ, ತಮ್ಮನಿಗೆ ಐದು. ಅಪ್ಪ ಅಡಿಕೆ ಲೆಕ್ಕಾಚಾರಕ್ಕೆಂದು ಪೇಟೆಗೆ ಹೋಗಿದ್ದರು. ಮಧ್ಯಾಹ್ನ ತಮ್ಮನಿಗೆ ಜ್ವರ ಬಂತು. ಅಮ್ಮ ಕಷಾಯ ಕುಡಿಸಿದಳು, ಹಣೆಗೆ ಒದ್ದೆ ಬಟ್ಟೆ ಹಾಕಿದಳು. ಸಂಜೆಗೆ ಜ್ವರ ಏರಿತು. ಹೊಳೆ ತುಂಬಿ ಹರಿಯುತ್ತಿತ್ತು, ಕತ್ತಲಾದ ಮೇಲೆ ದೋಣಿ ಹಾಕುತ್ತಿರಲಿಲ್ಲ. ಬೆಳಗಾಗಲಿ, ಅಷ್ಟರಲ್ಲಿ ಅವರೂ ಬರುತ್ತಾರೆ ಎಂದಳು ಅಜ್ಜಿ. ಅಮ್ಮ ರಾತ್ರಿಯಿಡೀ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. ಬೆಳಗಿನ ಮೊದಲ ದೋಣಿಗೆ ಹೊಳೆ ದಾಟಿ ಬಸ್ಸು ಹತ್ತಿದರು. ತಾಲ್ಲೂಕು ಆಸ್ಪತ್ರೆ ಮುಟ್ಟುವ ಮೊದಲೇ ತಮ್ಮ ಹೋಗಿದ್ದ. ಜ್ವರ ಮಿದುಳಿಗೆ ಏರಿತ್ತು ಎಂದರಂತೆ.

ಆಮೇಲೆ ಮನೆಗೆ ಬಂದ ನೆಂಟರೆಲ್ಲ ತಲೆಗೊಂದು ಕಾದಂಬರಿ ಬರೆದರು. ರಾತ್ರಿಯೇ ಹೊರಟಿದ್ದರೆ. ಅಂಬಿಗನ ಮನೆಗೆ ಹೋಗಿ ಕಾಲು ಹಿಡಿದಿದ್ದರೆ. ಮಧ್ಯಾಹ್ನವೇ ಎಚ್ಚರ ವಹಿಸಿದ್ದರೆ. ಅಮ್ಮ ಎಲ್ಲರಿಗೂ ಕಾಫಿ ಕೊಟ್ಟಳು.

ಐದು ವರ್ಷದ ಮೇಲೆ, 1986ರಲ್ಲಿ, ನಾನು ಪಿ.ಯು.ಸಿ. ಓದುತ್ತಿದ್ದೆ. ರಜೆಗೆ ಊರಿಗೆ ಬಂದವಳು ಕಾಲೇಜಿನ ಪ್ರವಾಸಕ್ಕೆ ದುಡ್ಡು ಕೇಳಿದೆ. ಅಮ್ಮ ಒರಳಿನ ಮುಂದೆ ಕೂತು ದೋಸೆಗೆ ರುಬ್ಬುತ್ತಿದ್ದಳು. “ಅಪ್ಪ ಬರಲಿ, ಕೇಳೋಣ” ಎಂದಳು. ನನಗೆ ಸಿಟ್ಟು ನೆತ್ತಿಗೇರಿತು. “ನಿನಗೆ ಎಲ್ಲಕ್ಕೂ ಅಪ್ಪ ಬರಬೇಕು. ಅವತ್ತೂ ಹಾಗೇ ಕಾದೆ. ಅವತ್ತು ರಾತ್ರಿಯೇ ಹೊರಟಿದ್ದರೆ ತಮ್ಮ ಇರ್ತಿದ್ದ” ಎಂದೆ.

ತಿರುಗುತ್ತಿದ್ದ ಗುಂಡುಕಲ್ಲು ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ತಿರುಗಿತು. ಅಮ್ಮ ತಲೆ ಎತ್ತಲಿಲ್ಲ. ಮರುದಿನ ನನ್ನ ಪುಸ್ತಕದೊಳಗೆ ಪ್ರವಾಸದ ದುಡ್ಡು ಇತ್ತು.

ನಾನು ಈಗ ಕೇಳಿಕೊಳ್ಳುವ ಪ್ರಶ್ನೆ ಇದು. ನಾನು ಹೇಳಿದ್ದು ಸುಳ್ಳೇ? ಸುಳ್ಳೆಂದೂ ಹೇಳಲಾರೆ, ನಿಜವೆಂದೂ ಹೇಳಲಾರೆ. ರಾತ್ರಿ ಹೊರಟಿದ್ದರೆ ಮಗು ಉಳಿಯುತ್ತಿತ್ತೋ, ತುಂಬಿದ ಹೊಳೆಯಲ್ಲಿ ಇಬ್ಬರೂ ಹೋಗುತ್ತಿದ್ದರೋ ಯಾರು ಬಲ್ಲರು? ನಮ್ಮ ‘ರೆ’ಯಲ್ಲಿ ಹೊಳೆ ಯಾವಾಗಲೂ ಶಾಂತವಾಗಿಯೇ ಇರುತ್ತದೆ. ದೋಣಿ ಕಟ್ಟೆಯಲ್ಲೇ ಇರುತ್ತದೆ, ಡಾಕ್ಟರು ಎಚ್ಚರವಾಗಿಯೇ ಇರುತ್ತಾರೆ. ಪಂತರ ಮಗನಂತೆ ಯಾರೋ ಒಬ್ಬರು ಆ ಇನ್ನೊಂದು ಲೋಕದಲ್ಲಿ ಇಲ್ಲವಾಗಿರಬಹುದೆಂದು ನಮಗೆ ಹೊಳೆಯುವುದೇ ಇಲ್ಲ. ಅಮ್ಮ ಅಂದು ಮುಳುಗಿದ್ದರೆ ಅವಳನ್ನು ಚುಚ್ಚಲು ನಾನು ಅವಳ ಮುಂದೆ ನಿಂತಿರುತ್ತಿರಲಿಲ್ಲ.

ಎರಡನೆಯದಾಗಿ, ನಮ್ಮ ‘ರೆ’ಯಲ್ಲಿ ಆ ದಿನದ ಮನುಷ್ಯರಿಗೆ ಈ ದಿನದ ತಿಳಿವಳಿಕೆಯನ್ನು ಕೊಟ್ಟುಬಿಡುತ್ತೇವೆ. ಅಮ್ಮನ ತೊಡೆಯ ಮೇಲಿದ್ದದ್ದು ಜ್ವರ ಬಂದ ಮಗು. ಸಾಯಲಿರುವ ಮಗು ಎಂದು ಅವಳ ಹಣೆಯಲ್ಲಿ ಬರೆದಿತ್ತೇ? ಅಂಥ ಜ್ವರ ಅವಳು ಹತ್ತು ಸಲ ನೋಡಿದ್ದಳು, ಹತ್ತು ಸಲವೂ ಬೆಳಗಿಗೆ ಇಳಿದಿತ್ತು. ಒಳ್ಳೆಯ ಕಾದಂಬರಿಕಾರರು ಈ ಮೋಸ ಮಾಡುವುದಿಲ್ಲ. ಅವರು ಒಂದು ಗುಂಡನ್ನು ಒಂದು ಅಂಗುಲ ಆಚೆ ಸರಿಸುತ್ತಾರೆ. ಅದರಾಚೆ ಅವರ ಪಾತ್ರಗಳೂ ನಮ್ಮ ಹಾಗೆಯೇ ಕತ್ತಲಲ್ಲಿ ತಡಕಾಡುತ್ತವೆ.

ಮೂರನೆಯದನ್ನು ನನಗೆ ಹೊಳೆಯಿಸಿದವರು ಮೂಲೆಯಲ್ಲಿ ಕೂತಿದ್ದ ಆ ಗೆಳತಿ. ‘ರೆ’ಯನ್ನು ಎಲ್ಲಿ ಬೇಕಾದರೂ ಇಡಬಹುದು. ಇಷ್ಟೊಂದು ಜಾಗವಿರುವಾಗ ನಾವು ಅದನ್ನು ಎಲ್ಲಿ ಇಡುತ್ತೇವೆ ಎಂಬುದೇ ನಮ್ಮನ್ನು ತೋರಿಸಿಕೊಡುತ್ತದೆ. ಊರಿಗೆ ಸೇತುವೆ ಇದ್ದಿದ್ದರೆ ಎಂದು ನಮ್ಮ ಮನೆಯಲ್ಲಿ ಒಬ್ಬರೂ ಹೇಳಲಿಲ್ಲ. ಹತ್ತಿರದಲ್ಲೊಬ್ಬ ಡಾಕ್ಟರು ಇದ್ದಿದ್ದರೆ ಎನ್ನಲಿಲ್ಲ. ಅಪ್ಪ ಆ ದಿನ ಪೇಟೆಗೆ ಹೋಗದೆ ಇದ್ದಿದ್ದರೆ ಎಂದೂ ಹೇಳಲಿಲ್ಲ. ಎಲ್ಲರ ‘ರೆ’ಯೂ ಹೋಗಿ ಕೂತದ್ದು ಅಮ್ಮನ ತಲೆಯ ಮೇಲೆ. ಸೇತುವೆಗೆ ಬೈದರೆ ಅದು ಅಳುವುದಿಲ್ಲ. ಕೈಗೆ ಸಿಗುವವರನ್ನು ಬೈಯುವುದು ಸುಲಭ, ಮನೆಯಲ್ಲಿ ಸದಾ ಕೈಗೆ ಸಿಗುವವಳು ಹೆಂಗಸು. ನಾನೂ ಹೆಣ್ಣಾಗಿ, ಹದಿನೇಳರ ವಯಸ್ಸಿನಲ್ಲಿ, ಅದನ್ನೇ ಮಾಡಿದೆ.

ಹಾಗಾದರೆ ‘ರೆ’ಯನ್ನೇ ಬಿಟ್ಟುಬಿಡೋಣವೇ? ಅಜ್ಜಿಯ ಚಿಕ್ಕಮ್ಮನ ಮೀಸೆಯ ಮಾತೇ ಸರಿಯೇ? ಮೊದಲು ಹಾಗೇ ಅನ್ನಿಸಿತು. ಆದರೆ ಹ್ಯಾರಿಸನ ಪುಸ್ತಕ ಅಡ್ಡ ಬಂತು. ಆದದ್ದು ಆಯಿತು ಎಂಬ ಮಾತು ಆ ಪುಸ್ತಕದಲ್ಲಿ ಯಾರಿಗೆ ಅನುಕೂಲ? ವಾನ್ಸೇಯಲ್ಲಿ ಮೇಜಿನ ಸುತ್ತ ಕೂತಿದ್ದವರಿಗೆ. ಬೇರೆ ರೀತಿ ಆಗಬಹುದಿತ್ತು ಎಂದು ಒಪ್ಪಿಕೊಂಡಾಗ ಮಾತ್ರ, ಹೀಗೆ ಮಾಡಿದವರನ್ನು ಯಾಕೆ ಮಾಡಿದಿರಿ ಎಂದು ಕೇಳಬಹುದು. ಎಲ್ಲವೂ ವಿಧಿ ಎಂದುಬಿಟ್ಟರೆ ಅಪರಾಧಿ ಮನೆಗೆ ಹೋಗಿ ಉಂಡು ಮಲಗುತ್ತಾನೆ. ಸೇತುವೆ ಇದ್ದಿದ್ದರೆ ಎಂದು ನಾಲ್ಕು ಜನ ಗಟ್ಟಿಯಾಗಿ ಹೇಳಿದ್ದರೆ ನಮ್ಮೂರಿಗೆ ಸೇತುವೆ ಬೇಗ ಬರುತ್ತಿತ್ತೋ ಏನೋ.

ಆದ್ದರಿಂದ ‘ರೆ’ ಬೇಕು. ಆಡುವ ಮೊದಲು ಎರಡು ಸಂಗತಿ ಕೇಳಿಕೊಳ್ಳಬೇಕು ಎಂಬಲ್ಲಿಗೆ ನಾನು ಬಂದು ನಿಂತಿದ್ದೇನೆ. ಆ ಮನುಷ್ಯರಿಗೆ ಆ ಹೊತ್ತಿನಲ್ಲಿ ಅದು ತಿಳಿದಿತ್ತೇ? ಅದು ಅವರ ಕೈಯಲ್ಲಿತ್ತೇ? ವಾನ್ಸೇಯ ಮಹನೀಯರಿಗೆ ತಿಳಿದಿತ್ತು, ಅವರ ಕೈಯಲ್ಲೂ ಇತ್ತು. ನನ್ನ ಅಮ್ಮನಿಗೆ ಎರಡೂ ಇರಲಿಲ್ಲ. ಲಿಲಿಯನ್ ಕ್ರಾಸಳಿಗೂ ಮುಂದಿನ ಯುದ್ಧದ ಸಂಗತಿ ತಿಳಿದಿರಲಿಲ್ಲ. ಕೈಗೆ ಎಟುಕುವಷ್ಟು ಹತ್ತಿರ ಒಂದು ಪಿಸ್ತೂಲು ಕಂಡಿತು, ತಳ್ಳಿದಳು. ಮನುಷ್ಯರಿಂದ ನಾವು ಕೇಳಬಹುದಾದದ್ದು ಇಷ್ಟೇ.

ಶಾಲೆಯಲ್ಲಿ ನನ್ನ ಪಾಠವೂ ಸ್ವಲ್ಪ ಬದಲಾಯಿತು. ಈ ಸಲ ತಾಳೀಕೋಟೆ ಬಂದಾಗ ಇಸವಿ ಬರೆಸಿದ ಮೇಲೆ ನಾನೇ ಕೇಳಿದೆ: “ಒಂದೇ ಒಂದು ಸಂಗತಿ ಬದಲಾಯಿಸಲು ಬಿಟ್ಟರೆ ಯಾವುದನ್ನು ಬದಲಾಯಿಸುತ್ತೀರಿ?” ಅರ್ಧಕ್ಕರ್ಧ ಮಕ್ಕಳು, ರಾಮರಾಯನ ಸೈನ್ಯದ ಇಬ್ಬರು ಸರದಾರರು ದ್ರೋಹ ಮಾಡದಿದ್ದರೆ ಎಂದು ಬರೆದರು. ಅದೇನೂ ಕಟ್ಟುಕತೆಯಲ್ಲ. ಯುದ್ಧವಾದ ಎರಡು ವರ್ಷಕ್ಕೆ ವಿಜಯನಗರಕ್ಕೆ ಬಂದ ಇಟಲಿಯ ವರ್ತಕ ಸೀಸರ್ ಫ್ರೆಡರಿಕ್ ಹಾಗೆ ಬರೆದಿಟ್ಟಿದ್ದಾನೆ. ಆದರೆ ಒಬ್ಬ ಹುಡುಗಿ, ಹಿಂದಿನ ಬೆಂಚಿನವಳು, ಬೇರೆ ಬರೆದಿದ್ದಳು. ತಮ್ಮತಮ್ಮೊಳಗೆ ಜಗಳವಾಡುತ್ತಿದ್ದ ಸುಲ್ತಾನರನ್ನು ರಾಮರಾಯ ವರ್ಷಾನುಗಟ್ಟಲೆ ಒಬ್ಬರ ಮೇಲೊಬ್ಬರನ್ನು ಎತ್ತಿಕಟ್ಟದೇ ಇದ್ದಿದ್ದರೆ ಅವರು ಒಂದಾಗುತ್ತಲೇ ಇರಲಿಲ್ಲವೇನೋ ಎಂದು. ದ್ರೋಹದಲ್ಲಿ ‘ರೆ’ ಇಟ್ಟವರಿಗೆ ಬೈಯಲು ಇಬ್ಬರು ಸಿಕ್ಕರು. ಈ ಹುಡುಗಿಗೆ ಯೋಚಿಸಲು ಇಪ್ಪತ್ತು ವರ್ಷದ ಚರಿತ್ರೆ ಸಿಕ್ಕಿತು. ಯಾರ ಉತ್ತರಕ್ಕೂ ನಾನು ತಪ್ಪು ಹಾಕಲಿಲ್ಲ. ಬೈಯಲು ಸುಲಭವಾದ ಜಾಗದಲ್ಲಿ ‘ರೆ’ ಇಟ್ಟಿದ್ದೀರಾ, ತಿಳಿಯಲು ಬೇಕಾದ ಜಾಗದಲ್ಲಿ ಇಟ್ಟಿದ್ದೀರಾ, ಇನ್ನೊಮ್ಮೆ ನೋಡಿಕೊಳ್ಳಿ ಎಂದೆ.

ಜನವರಿಯ ಸಭೆಗೆ ಮೂಲೆಯ ಗೆಳತಿ ಬಂದಿದ್ದರು. ಅತ್ತೆ ಮತ್ತೆ ಅದೇ ಮಾತು ಎತ್ತಿದರಂತೆ. ಇವರು, “ಅತ್ತೆ, ಅವತ್ತು ಆಕ್ಸಿಜನ್ ಹಾಸಿಗೆ ಸಿಕ್ಕಿದ್ದರೆ ಅಂತ ನೀವು ಯಾಕೆ ಒಂದು ದಿನಾನೂ ಅನ್ನಲ್ಲ?” ಎಂದು ಕೇಳಿದರಂತೆ. ಜಗಳ ತೆಗೆಯಲಲ್ಲ, ಸುಮ್ಮನೆ.

“ಏನಂದರು?” ಎಂದೆವು.

“ಏನೂ ಅನ್ನಲಿಲ್ಲ. ತುಂಬ ಹೊತ್ತು ಅತ್ತರು. ಮಗ ಹೋದಾಗಲೂ ಅಷ್ಟು ಅತ್ತಿರಲಿಲ್ಲ.” ಸ್ವಲ್ಪ ಸುಮ್ಮನಿದ್ದು, “ಪಾಪ, ಅವರ ಮಗ ಅಲ್ವಾ” ಎಂದರು.

ಆ ಮುದುಕಿಯ ಮೇಲೆ ನಮಗೆಲ್ಲ ಸಿಟ್ಟಿತ್ತು. ಸೊಸೆಗೆ ಇರಲಿಲ್ಲ. ಮಗ ಉಳಿದಿರುವ ಒಂದು ಲೋಕವನ್ನು ಆ ತಾಯಿ ದಿನಾ ಕಟ್ಟಿಕೊಳ್ಳುತ್ತಿದ್ದಳು. ಅದನ್ನು ಕಟ್ಟಲು ಸೊಸೆಯನ್ನು ಅಪರಾಧಿ ಮಾಡಬೇಕಾಗಿತ್ತು, ಅಷ್ಟೆ.

ನಮ್ಮೂರಿನ ಹೊಳೆಗೆ 1996ರಲ್ಲಿ ಸೇತುವೆಯಾಯಿತು. ನನಗೆ ಆಗ ಕೆಲಸ ಸಿಕ್ಕಿ ಎರಡು ವರ್ಷ. ಅಮ್ಮನನ್ನು ನಾನಿದ್ದ ಊರಿಗೆ ಕರೆದುಕೊಂಡು ಬರಲು ಹೋಗಿದ್ದೆ. ಬಸ್ಸು ಮೊದಲ ಸಲ ಸೇತುವೆಯ ಮೇಲೆ ಹೋಗುವಾಗ ಅಮ್ಮ ಕಿಟಕಿಯ ಪಕ್ಕ ಕೂತಿದ್ದಳು. ಕೆಳಗೆ ಹೊಳೆ ಕೆಂಪಗೆ ತುಂಬಿ ಹರಿಯುತ್ತಿತ್ತು. ಆಚೆ ದಡ ಬಂದ ಮೇಲೆ, “ಎಷ್ಟು ಹೊತ್ತಾಯ್ತೇ?” ಎಂದು ಕೇಳಿದಳು.

ನಾನು ಗಡಿಯಾರ ನೋಡಿಕೊಂಡು, “ಒಂದು ನಿಮಿಷವೂ ಇಲ್ಲಮ್ಮ” ಎಂದೆ.

ಅವಳು ತಲೆಯಾಡಿಸಿ ಮತ್ತೆ ಕಿಟಕಿಯ ಕಡೆ ತಿರುಗಿದಳು. ಅವಳು ಯಾವ ಲೆಕ್ಕ ಹಾಕುತ್ತಿದ್ದಳೆಂದು ನನಗೆ ಗೊತ್ತಿತ್ತು. ಹತ್ತು ವರ್ಷದ ಹಿಂದೆ ಒರಳಿನ ಮುಂದೆ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ಅದಕ್ಕಿಂತ ಒಳ್ಳೆಯ ಗಳಿಗೆ ಬರಲಾರದು ಎಂದೂ ಗೊತ್ತಿತ್ತು. ನಾಲಗೆಯ ತುದಿಗೆ ಬಂತು. ಕಂಡಕ್ಟರ್ ಟಿಕೆಟ್ ಕೇಳಿದ. ಅಮ್ಮ 2009ರಲ್ಲಿ ತೀರಿಕೊಂಡಳು.

ಆ ದಿನ ನಾನು ಬಾಯಿ ಬಿಟ್ಟಿದ್ದರೆ? ಈ ‘ರೆ’ಯನ್ನು ಬೇರೆ ಯಾರ ತಲೆಯ ಮೇಲೂ ಇಡುವಂತಿಲ್ಲ. ನನಗೆ ತಿಳಿದಿತ್ತು, ನನ್ನ ಕೈಯಲ್ಲೂ ಇತ್ತು. ಇದನ್ನು ಓದುತ್ತಿರುವ ಗೆಳತಿಯರೇ, ನಿಮ್ಮ ಅಮ್ಮ ಇನ್ನೂ ಇದ್ದರೆ, ನೀವು ಎಂದೋ ಆಡಿದ ಇಂಥ ಒಂದು ಮಾತು ಅವರ ಎದೆಯಲ್ಲಿ ಉಳಿದಿದ್ದರೆ, ಸೇತುವೆ ದಾಟುವವರೆಗೆ ಕಾಯಬೇಡಿ.